ತಡವಾಗಿ ಹೋದ ತಟ್ಟೆ

ಚಳಿಗಾಲದ ಹೊದಿಕೆಗಳನ್ನು ಬಿಸಿಲಿಗೆ ಹಾಕಲೆಂದು ಟ್ರಂಕು ತೆಗೆದೆ. ತಳದಲ್ಲಿ ಒಂದು ಬಿಳಿ ಕ್ರೋಶಾ ಬಟ್ಟೆ ಸಿಕ್ಕಿತು, ಊಟದ ತಟ್ಟೆ ಮುಚ್ಚುವಷ್ಟು ಅಗಲದ್ದು. ಹಿಂತಿರುಗಿಸಬೇಕೆಂದು ಎಷ್ಟು ವರ್ಷ ಚಿಂತಿಸಿದೆನೋ, ಅಷ್ಟು ವರ್ಷವೂ ಮರೆತಿದ್ದೆ...

ಅದು ಟೀಚರಬಾಯಿಯವರದು, ಒಂದು ಕ್ರಿಸ್‌ಮಸ್ಸಿಗೆ ತಟ್ಟೆಯ ಮೇಲೆ ಮುಚ್ಚಿ ತಂದದ್ದು. ಕಮಲಾಪುರದ ಶಾಲೆಯಲ್ಲಿ ಅವರು ಇಂಗ್ಲಿಷ್ ಕಲಿಸುತ್ತಿದ್ದರು, ನಾನು ಗಣಿತ. ಗಾಜಿಪುರದಲ್ಲಿ ಅಕ್ಕಪಕ್ಕದ ಮನೆ, ದಿನಾ ಒಂದೇ ಬಸ್ಸು. ಅವರ ಊರು ಗೋವಾದ ಹೊಳೆಯೊಂದರ ನಡುವಿನ ದ್ವೀಪ. ಕ್ರಿಸ್‌ಮಸ್ ಬಂತೆಂದರೆ ಅಲ್ಲಿ ಮನೆಮನೆಗೂ ಬಿದಿರುಕಡ್ಡಿಯ ನಕ್ಷತ್ರ, ಅಂಗಳದಲ್ಲಿ ಬಾಲಯೇಸುವನ್ನು ಮಲಗಿಸಿದ ಹುಲ್ಲಿನ ಗೋದಲಿ. ಸಿಹಿಯ ತಟ್ಟೆಗಳು ಮನೆಯಿಂದ ಮನೆಗೆ, ಹಿಂದೂ ಮನೆಗಳಿಗೂ ಓಡಾಡುತ್ತವಂತೆ. ತಟ್ಟೆ ಕಳಿಸದ ಹೊರತು ಹಬ್ಬ ಆದಂತಲ್ಲ. ಗಾಜಿಪುರದಲ್ಲಿ ಅವರ ಪಾಲಿನ ದ್ವೀಪವೆಂದರೆ ನಮ್ಮದೊಂದೇ ಮನೆ.

ನಮ್ಮ ಕರ್ಚಿಕಾಯಿಯಂಥದೇ ಒಂದು ಸಿಹಿ ತರುತ್ತಿದ್ದರು. ಮೊಟ್ಟೆ ಹಾಕಿದ್ದೀರಾ ಎಂದು ಮೂರು ವರ್ಷ ಕೇಳಿದೆ. ನಾಲ್ಕನೆಯ ವರ್ಷ ಅವರೇ ಬಾಗಿಲಲ್ಲಿ ನಿಂತು, "ಕೋಳಿ ಇದರ ಹತ್ರಾನೂ ಸುಳಿದಿಲ್ಲರಿ ಸರ್" ಎಂದರು.

ಮುಂದೊಂದು ವರ್ಷ ತಟ್ಟೆ ಬರಲಿಲ್ಲ.

ನಾನು ಚಿಂತೆಗೆ ಕುಳಿತೆ. ಸ್ಟಾಫ್‌ರೂಮಿನಲ್ಲಿ ಅವರ ಕುರ್ಚಿಯಲ್ಲಿ ಕೂತದ್ದಕ್ಕೋ, ಬಸ್ಸಿನಲ್ಲಿ ಅವರು ಮಾತಾಡುತ್ತಿರುವಾಗ ನಿದ್ದೆಹೋದದ್ದಕ್ಕೋ, ಆ ಮೊಟ್ಟೆಯ ಪ್ರಶ್ನೆಗೋ... ನನ್ನ ತಪ್ಪುಗಳನ್ನು ಹುಡುಕುವ ಭರದಲ್ಲಿ ಅವರ ಬಾಗಿಲು ತಟ್ಟಲು ಪುರುಸೊತ್ತೇ ಆಗಲಿಲ್ಲ. ಮೂರನೆಯ ದಿನ ಅವ್ವನ ಮುಂದೆ ಹೇಳಿಕೊಂಡೆ.

"ದೀಪಾವಳಿ ಮುಂದs ಅಕಿ ತಾಯಿ ಸತ್ತಾಳಲ್ಲೋ. ಸತ್ತ ಮನ್ಯಾಗ ಹಬ್ಬಕ್ಕ ಕರಿಯಾಕ ಎಣ್ಣಿ ಇಡ್ತಾರೇನು? ನಾವs ಒಯ್ದು ಕೊಡಬೇಕಿತ್ತು. ಅಕಿ ಹಬ್ಬ ಬಂದದಂತ ನೀ ಒಂದ ಮಾತು ಹೇಳಿದೇನು?"

ತಾಯಿ ತೀರಿದ್ದು ನನಗೆ ಗೊತ್ತಿತ್ತು. ಆಗ ಅವರ ಪೀರಿಯಡ್ಡುಗಳನ್ನು ತೆಗೆದುಕೊಂಡವನೇ ನಾನು. ಅಪ್ಪ ಹೋದ ವರ್ಷ ನಮ್ಮ ಮನೆಗೆ ಹೋಳಿಗೆ ಬಂದದ್ದೂ ಪರರ ಒಲೆಯಿಂದಲೇ.

ಅವ್ವ ಕರಿದುಕೊಟ್ಟ ಕರ್ಚಿಕಾಯಿ ಒಯ್ದೆ. ಹೊರಡುವ ಮುಂಚೆಯೇ ಕ್ಷಮೆ ಕೇಳುವ ಮಾತು ಜೋಡಿಸಿಕೊಂಡಿದ್ದೆ. ಒಳಗೆ ಹೋದರೆ, ಮೇಜಿನ ಮೇಲಿನ ಪುಸ್ತಕಗಳನ್ನೆಲ್ಲ ಸರಿಸಿ, ತಟ್ಟೆ ಇಡಲು ಜಾಗ ಮಾಡಿಟ್ಟಿದ್ದರು.

"ನಮ್ಮ ಕಡಿ ಇಂಥಾ ವರ್ಷ ಊರs ತಟ್ಟಿ ಕಳಸ್ತದರಿ ಸರ್" ಎಂದರು ಮೆಲ್ಲಗೆ. "ಇಲ್ಲಿ ನಂಗ ನಿಮ್ಮ ಮನಿ ಒಂದs ಅಲ್ಲೇನ್ರಿ... ಮೂರು ದಿನಾ ದಾರಿ ನೋಡ್ದೆ."

ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. ಆಮೇಲೆ ಅತ್ತರು. ನಾನು ತಟ್ಟೆಯನ್ನು ಅವರ ಹತ್ತಿರಕ್ಕೆ ಸರಿಸಿದೆ.

ನಿವೃತ್ತರಾಗಿ ದ್ವೀಪಕ್ಕೆ ಮರಳಿದರು. ಈ ವರ್ಷ ಮಳೆಗಾಲದ ಕೊನೆಗೆ ಅವರ ತಮ್ಮನ ಮಗ ಫೋನ್ ಮಾಡಿ, ಅತ್ತೆ ತೀರಿಹೋದರು ಎಂದ. ಅವ್ವನೂ ಈಗಿಲ್ಲ. ಹೆಂಡತಿ ಕರ್ಚಿಕಾಯಿ ಮಾಡಿದಳು, ಕ್ರಿಸ್‌ಮಸ್ಸಿಗೆ ಹತ್ತು ದಿನ ಮೊದಲೇ, ಆ ಬಟ್ಟೆಯನ್ನೂ ಇಟ್ಟು, ದ್ವೀಪದ ಅವರ ಮನೆಗೆ ಪಾರ್ಸೆಲ್ ಮಾಡಿದೆ. ಪುಡಿಯಾದೀತೇ, ಇರುವೆ ಹತ್ತೀತೇ, ವಿಳಾಸ ತಪ್ಪಾಗಿದೆಯೇ ಎಂದು ಅಷ್ಟೂ ದಿನ ಮನೆಯವರ ತಲೆ ತಿಂದೆ. ಹಬ್ಬದ ಹಿಂದಿನ ದಿನ ಮುಟ್ಟಿತಂತೆ.

ಈ ಸಲ ತಡವಾಗಲಿಲ್ಲ... ದಾರಿ ನೋಡುವವರೇ ಇರಲಿಲ್ಲ.