ಅಳತೆಯ ದಿನದ ತುರುಬು

ನನ್ನ ಮಗಳಿಗೆ ಹನ್ನೊಂದು ವರ್ಷವಾಗಿದ್ದಾಗ ಐಸ್ ಹಾಕಿಯವರು ಅವಳನ್ನು ಬೇಡ ಅಂದರು. ಕಾರಣ, ಎತ್ತರ ಸಾಲದು.

ತೊಂಬತ್ತರ ದಶಕದ ನಡುವಿನ ಮಾತು. ನಾವಾಗ ಅಮೆರಿಕದ ವರ್ಜೀನಿಯಾದ ಹರ್ನ್‌ಡನ್ನಿನಲ್ಲಿದ್ದೆವು. ಹತ್ತಿರದ ರಿಂಕಿನಲ್ಲಿ, ಅಂದರೆ ಐಸ್ ಹಾಕಿ ಆಡುವ ಹಿಮದ ಅಂಗಳದಲ್ಲಿ, ಪ್ರತಿ ಸೆಪ್ಟೆಂಬರಿನಲ್ಲೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎತ್ತರ, ತೂಕ ಬರೆದುಕೊಳ್ಳುತ್ತಿದ್ದರು. ಆಮೇಲೆ ಸ್ವಲ್ಪ ಹೊತ್ತು ಆಡಿಸಿ ನೋಡುತ್ತಿದ್ದರು. ಕೊನೆಗೆ ಕೋಚ್‌ಗಳು ಆ ಪಟ್ಟಿ ಹಿಡಿದು ಕೂತು, ಸರದಿಯಂತೆ ಒಬ್ಬೊಬ್ಬರನ್ನು ತಮ್ಮ ತಂಡಕ್ಕೆ ಆರಿಸಿಕೊಳ್ಳುತ್ತಿದ್ದರು. ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಉಳಿದವರು ಮನೆಗೆ. ಅಷ್ಟೂ ಹುಡುಗರ ನಡುವೆ ಇವಳೊಬ್ಬಳೇ ಹುಡುಗಿ, ಎಲ್ಲರಿಗಿಂತ ಗಿಡ್ಡ. "ಆಟ ಕಲಿಸಬಹುದು, ಮೈಕಟ್ಟು ಕಲಿಸಲಾಗುವುದಿಲ್ಲ" ಎಂದು ಕೋಚ್ ಇಂಗ್ಲಿಷಿನಲ್ಲಿ ನನಗೆ ಬುದ್ಧಿ ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಉರಿಯುವುದಕ್ಕೆ ಹಳೆಯ ಕಾರಣವೂ ಇತ್ತು. ಮೈಸೂರಿನಲ್ಲಿ ನನ್ನನ್ನು ನೋಡಲು ಬಂದ ಮೂರು ಗಂಡಿನ ಕಡೆಯವರು ಕೇಸರಿಬಾತು ತಿಂದು ಕೈತೊಳೆದು, ಹುಡುಗಿ ಕುಳ್ಳು ಎಂದು ಹೇಳಿಕಳಿಸಿದ್ದರು. ನಾಲ್ಕನೆಯ ಸಲ ಅಮ್ಮ ಚೌರಿ ಸೇರಿಸಿ ನೆತ್ತಿಯ ಮೇಲೆ ಎತ್ತರಕ್ಕೆ ತುರುಬು ಕಟ್ಟಿದಳು. ಕೇಳಿದವರಿಗೆ ಐದು ಅಡಿ ಎರಡು ಇಂಚು ಎಂದಳು. ಮದುವೆಯಾಯಿತು. ಆ ಸುಳ್ಳು ಪಾಸ್‌ಪೋರ್ಟ್ ಸೇರಿತು, ಅಲ್ಲಿಂದ ವರ್ಜೀನಿಯಾದ ಡ್ರೈವಿಂಗ್ ಲೈಸೆನ್ಸಿಗೂ ಬಂತು. ನನ್ನ ನಿಜವಾದ ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು.

ಮರುವರ್ಷ ಏನಾದರಾಗಲಿ ಮಗಳನ್ನು ತಂಡಕ್ಕೆ ಸೇರಿಸಿಯೇ ಸೇರಿಸುತ್ತೇನೆ ಎಂದು ಹಟ ಹಿಡಿದೆ. ಅಳತೆಯ ದಿನ ಬೆಳಿಗ್ಗೆ ಅವಳನ್ನು ಕೂರಿಸಿಕೊಂಡು, ನನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದೆ.

"ಅಮ್ಮಾ, ಹೆಲ್ಮೆಟ್ ಫಿಟ್ ಆಗಲ್ಲ."

"ಅಳತೆ ಆದ್ಮೇಲೆ ಬಿಚ್ಚಿದ್ರಾಯ್ತು. ಸುಮ್ನೆ ಕೂತ್ಕೋ."

ರಿಂಕಿನಲ್ಲಿ ಅವಳ ಸರದಿ ಬಂತು. ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಳು. ಅದೇ ಕೋಚ್ ಪಟ್ಟಿ ಸಿಕ್ಕಿಸಿದ್ದ ರಟ್ಟನ್ನು ಅವಳ ತಲೆಯ ಮೇಲಿಟ್ಟು ಮೆಲ್ಲಗೆ ಒತ್ತಿದ. ತುರುಬು ಚಪಾತಿಯಾಯಿತು. ಎರಡು ಹೇರ್‌ಪಿನ್ ಟಣ್ಣನೆ ನೆಲಕ್ಕೆ ಬಿದ್ದವು. ಹಿಂದಿನ ಹುಡುಗರು ಕಿಸಕ್ಕೆಂದರು. ಕೋಚ್ ನಗಲಿಲ್ಲ. ನಾಲ್ಕು ಅಡಿ ಐದು ಎಂದು ಬರೆದುಕೊಂಡು, ಪಿನ್ನುಗಳನ್ನು ಹೆಕ್ಕಿ ನನ್ನ ಕೈಗೇ ಕೊಟ್ಟ.

ಮಗಳು ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು: "ನಿಂಗೂ ನಾನು ಟೂ ಸ್ಮಾಲಾ?"

ನನಗೆ ನಾಚಿಕೆಯಾಯಿತು. ಕೋಚ್ ಮೇಲೆ ಒಂದು ವರ್ಷ ಹಲ್ಲು ಕಡಿದಿದ್ದೆ, ಆದರೆ ಅವನ ಮಾತನ್ನು ನಂಬಿದವಳು ನಾನೇ. ಬೆಂಚಿನ ಮೇಲೆ ಕೂತು ತುರುಬು ಬಿಚ್ಚಿದೆ, ಕತ್ತಿನ ಬಳಿ ಬಿಗಿಯಾಗಿ ಒಂದು ಜಡೆ ಹೆಣೆದೆ. ಹೆಲ್ಮೆಟ್ ಸರಿಯಾಗಿ ಕೂತಿತು.

ಆಮೇಲೆ ಅವಳು ಆಡಿದ್ದನ್ನು ಇವತ್ತಿಗೂ ಮರೆತಿಲ್ಲ. ಅವಳ ಒಂದೂವರೆಯಷ್ಟಿದ್ದ ಹುಡುಗನೊಬ್ಬ ಗೋಡೆಗೆ ಒತ್ತಿ ಬೀಳಿಸಿದ. ಅವನು ತಿರುಗುವಷ್ಟರಲ್ಲಿ ಇವಳು ಎದ್ದು, ಅವನ ತೋಳಿನ ಕೆಳಗೆ ನುಸುಳಿ, ಪಕ್ ಎಂಬ ಆಟದ ಬಿಲ್ಲೆಯನ್ನು ಕಿತ್ತುಕೊಂಡು ಹೊರಟೇಹೋಗಿದ್ದಳು. ಒಂದು ಸಲವಲ್ಲ, ಮೂರು ಸಲ.

ಹೊರಗೆ ಬಂದಾಗ ಕೋಚ್ ಅವಳನ್ನು ತಡೆದು ಕೇಳಿದ: ಆಟದಲ್ಲಿ ಇಂಥವರು ದಿನವೂ ಗುದ್ದಲು ಬರುತ್ತಾರೆ, ಏನು ಮಾಡುತ್ತೀಯ?

ಅವಳು ಏದುಸಿರು ಬಿಡುತ್ತಲೇ ಇಂಗ್ಲಿಷಿನಲ್ಲಿ ಹೇಳಿದಳು, "ಅವರು ಬರುವಷ್ಟರಲ್ಲಿ ನಾನು ಅಲ್ಲಿರುವುದಿಲ್ಲ."

ಅವನು ರಟ್ಟಿನ ಮೇಲೆ ಏನೋ ಗೀಚಿಕೊಂಡ. ಡ್ರಾಫ್ಟಿನ ಕೊನೆಯ ಸುತ್ತಿನಲ್ಲಿ, ಕೊನೆಯ ಹೆಸರಾಗಿ, ಅವನೇ ಅವಳನ್ನು ತೆಗೆದುಕೊಂಡ. ಕೊನೆಯದಾದರೇನು, ಮನೆಯಲ್ಲಿ ಪಾಯಸ ಮಾಡಿದೆ.

ಆ ಚಳಿಗಾಲದಲ್ಲಿ ಲೈಸೆನ್ಸ್ ರಿನ್ಯೂ ಮಾಡಿಸಲು ಹತ್ತಿರದ ಫೇರ್‌ಫ್ಯಾಕ್ಸಿನ ಕಚೇರಿಗೆ ಹೋದೆ. ಮಗಳೂ ಜೊತೆಗಿದ್ದಳು. ಕೌಂಟರಿನಾಕೆ ಹಳೆಯ ಕಾರ್ಡ್ ನೋಡಿ, ಏನಾದರೂ ಬದಲಾಯಿಸಬೇಕೇ ಎಂದಳು.

"ಎತ್ತರ. ನಾಲ್ಕು ಅಡಿ ಹನ್ನೊಂದು" ಅಂದೆ.

ಆಕೆ ಕಾರ್ಡನ್ನೂ ನನ್ನನ್ನೂ ಮತ್ತೊಮ್ಮೆ ನೋಡಿ, ಮೂರು ಇಂಚು ಕುಗ್ಗಿದಿರಾ ಎಂದು ತಮಾಷೆ ಮಾಡಿದಳು.

"ಇಲ್ಲ, ಮೊದಲಿಂದಲೂ ಇಷ್ಟೇ ಇದ್ದೆ."

ಮಗಳು ಕೌಂಟರಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು.