ತಕರಾರಿಲ್ಲದ ದೇವರು

ಮೊದಲೇ ಹೇಳಿಬಿಡುತ್ತೇನೆ, ದಡ್ಡತನ ನನ್ನದೇ. ನಾನೇ ನಡೆಸುತ್ತಿದ್ದ ಆಟದೊಳಗೆ ನಾನೇ ಒಬ್ಬ ಕಳ್ಳ ದೇವರನ್ನು ನುಗ್ಗಿಸಿದೆ. ಸಾಲದ್ದಕ್ಕೆ ಆ ದೇವರ ಮೇಲೆ ನನಗೆ ಪ್ರೀತಿ ಬೇರೆ ಹುಟ್ಟಿತು.

ಆಟ ಇಂಥದ್ದು. ಇಂಟರ್‌ನೆಟ್ಟಿನಲ್ಲಿ ಫೋರಂ ಅಂತ ಹಳೇ ಕಾಲದ ಜಾಗಗಳು ಇನ್ನೂ ಉಳಿದಿವೆ; ಒಬ್ಬರು ಬರೆದು ಹಾಕಿದರೆ ಅದರ ಕೆಳಗೆ ಇನ್ನೊಬ್ಬರು ಬರೆಯುತ್ತಾ ಹೋಗುತ್ತಾರೆ. ಅಲ್ಲೊಂದು ಖಾಲಿ ನಾಡು ಬರೆದಿಟ್ಟೆ: ಒಂದು ಬೆಟ್ಟ, ಅದರ ಕೆಳಗೊಂದು ಕೆರೆ, ಬೇಕಾದಷ್ಟು ಬಯಲು. ಆಡುವವರೆಲ್ಲ ಅಲ್ಲಿ ದೇವರುಗಳು, ಒಬ್ಬೊಬ್ಬರಿಗೂ ಒಂದೊಂದು ಕುಲ. ವಾರವಿಡೀ ತಮ್ಮ ಜನರಿಗೆ ಅಪ್ಪಣೆ ಕೊಡುತ್ತಾರೆ. ಊರು ಕಟ್ಟಿ, ಮದುವೆ ಮಾಡಿ, ಪಕ್ಕದವರ ಮೇಲೆ ಕತ್ತಿ ಮಸೆಯಿರಿ ಅಂತ. ಭಾನುವಾರ ನಾನು ದಾಳ ಉರುಳಿಸಿ, ಯಾರ ಅಪ್ಪಣೆ ಏನಾಯಿತು ಅಂತ ಕತೆಯಾಗಿ ಬರೆಯುತ್ತೇನೆ. ಯಾವ ದೇವರ ಊರಲ್ಲಿ ಒಂದು ಮನೆಯೂ ಉಳಿಯುವುದಿಲ್ಲವೋ ಆ ದೇವರು ಆಟದಿಂದ ಆಚೆ.

ನಾನು ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬಂಗಾರಪೇಟೆಯ ಕೊರಿಯರ್ ಆಫೀಸಿಗೆ ಹೋಗುವವನು. ಉರಿಗಾಂನಲ್ಲಿ ಹತ್ತುವ ಗೆಳೆಯ, ಗಣಿಯವರ ಲೈನ್ ಮನೆಯಲ್ಲಿ ಬೆಳೆದವನು, ಪಾತಾಳದ ದೇವರಾದ. ಅವನ ಜನ ಬಾಯಾರಿದರೂ ನೆಲ ಅಗೆಯುವವರು, ಬೇಜಾರಾದರೂ ನೆಲ ಅಗೆಯುವವರು. ಬಂಗಾರಪೇಟೆ ಸ್ಟೇಷನ್ ಎದುರು ಮೊಬೈಲ್ ಅಂಗಡಿ ಇಟ್ಟಿರುವ ಅಣ್ಣ ಸಂತೆಯ ದೇವರು. ಹುಟ್ಟಿದ ಮಗುವಿಗೂ ಒಂದು ಕವರ್ ಹಾಕಿಸಿಕೊಳ್ಳಿ ಅನ್ನುವ ಜಾತಿ. ಮೂರನೆಯವಳು ಅಕ್ಕ. ಕಾಮಸಮುದ್ರದ ಕಡೆಯವಳು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಬಸ್ಸು ಹಿಡಿದು ಬಂದು, ನಮ್ಮ ಆಫೀಸಿನಲ್ಲೇ ಪಾರ್ಸೆಲ್ ವಿಂಗಡಿಸುತ್ತಾಳೆ. ಅವಳು ಕೆರೆಯ ದೇವತೆ. ಅವಳ ಊರಿನಲ್ಲಿ ಪ್ರತಿ ಹಸುವಿಗೂ ಒಂದು ಹೆಸರು, ಪ್ರತಿ ಮುದುಕಿಗೂ ಒಂದು ಕಾಯಿಲೆ. ಇಷ್ಟೆಲ್ಲ ಯಾಕಕ್ಕ ಬರೀತೀಯ ಅಂತ ಕೇಳಿದ್ದೆ.

"ಮನೇಲಿ ನನ್ ಮಾತು ಕರೂನೂ ಕೇಳಲ್ಲ ಕಣ್ಲಾ. ಇಲ್ಲಿ ಒಂದ್ ಊರೇ ಕೇಳ್ತದೆ," ಅಂದಿದ್ದಳು.

ನನಗೆ ಗೊತ್ತಿರುವುದು ಒಂದೇ ವಿದ್ಯೆ, ಇನ್ನೊಬ್ಬರ ಹಾಗೆ ಮಾತಾಡುವುದು. ಅಕ್ಕ ಹಸುವನ್ನು ಕರೆಯುವ ದನಿಯಲ್ಲೇ ಮ್ಯಾನೇಜರನ್ನು ಕರೆದು ಬೈಸಿಕೊಂಡವನು ನಾನು. ಆಟದಲ್ಲೂ ಅದೇ ಕಸುಬು. ಪಾತಾಳದ ಜನ ಅರ್ಧ ತಮಿಳಿನಲ್ಲಿ ಪ್ರಾರ್ಥಿಸುತ್ತಿದ್ದರು, ಸಂತೆಯವರು ತೆಲುಗಿನಲ್ಲಿ ಚೌಕಾಸಿ ಮಾಡುತ್ತಿದ್ದರು. ಎಲ್ಲ ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ತೊಂದರೆ. ಮೂವರು ದೇವರೂ ಬೀಗರಾಗಿಬಿಟ್ಟರು. ಭಾನುವಾರ ಬಂದರೆ ನಾನು ಬರೀ ಸೀಮಂತ, ನಾಮಕರಣ ಬರೆಯಬೇಕು. ಜಗಳವಿಲ್ಲದ ಪುರಾಣವನ್ನು ಯಾರು ಓದುತ್ತಾರೆ?

ಅದಕ್ಕೇ ನಾಲ್ಕನೆಯವನು ಬಂದ. ಬೆಟ್ಟದೊಡೆಯ. "ಆಡೋನು ಮುಳಬಾಗಿಲು ಕಡೆಯವನು, ಬಹಳ ನಾಚಿಕೆ ಸ್ವಭಾವ, ಎದುರಿಗೆ ಬರಲ್ಲ," ಅಂತ ಪರಿಚಯಿಸಿದೆ. ಅವನ ಮಾತಿಗೊಂದು ಗತ್ತು ಕೊಟ್ಟೆ, ಅವನ ಜನಕ್ಕೆ ಕುದುರೆ ಕೊಟ್ಟೆ. ಅವನ ಪಾಲಿನ ದಾಳವೂ ನನ್ನ ಕೈಯಲ್ಲೇ. ಕೆಟ್ಟದ್ದು ಬಿದ್ದರೆ, ಮಂಚದ ಕೆಳಗೆ ಉರುಳಿತು, ಲೆಕ್ಕಕ್ಕಿಲ್ಲ ಅಂತ ಇನ್ನೊಂದು ಸಲ. ಹೀಗೆ ಗೆದ್ದು ಗೆದ್ದು ಅವನು ಬೆಟ್ಟದ ಹಳ್ಳಕ್ಕೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದ. ಕೆಳಗೆ ಅಕ್ಕನ ಕೆರೆ ಬತ್ತಿತು. ಹೆಸರಿದ್ದ ಹಸುಗಳು ಒಂದೊಂದಾಗಿ ಸತ್ತವು. ಜನ ಗಂಟುಮೂಟೆ ಕಟ್ಟಿಕೊಂಡು ಸಂತೆಯ ಊರಿಗೆ ಹೊರಟರು. ಕೊನೆಗೆ ಉಳಿದದ್ದು ಐದು ಮನೆ. ಇನ್ನೊಂದು ಕೆಟ್ಟ ಭಾನುವಾರ ಬಂದರೆ ಅಕ್ಕ ಆಚೆ, ಅವಳ ಮಾತು ಕೇಳುವ ಊರೂ ಇಲ್ಲ.

ಆ ವಾರ ಆಫೀಸಿನಲ್ಲಿ ಅಕ್ಕನ ಕೈಯಿಂದ ಪಾರ್ಸೆಲ್‌ಗಳು ಮೂಟೆಗೆ ಕಲ್ಲಿನ ಹಾಗೆ ಬೀಳುತ್ತಿದ್ದವು. ಇದ್ದಕ್ಕಿದ್ದಂತೆ ಅಕ್ಕ ಅಂದಳು: "ಆ ಬೆಟ್ಟದೊಡೆಯ ದೇವ್ರಲ್ಲ ಕಣ್ಲಾ."

"ಯಾಕಕ್ಕ, ಕುದುರೆ ಮೇಲೆ ಹೊಟ್ಟೆಕಿಚ್ಚಾ?"

"ನಮ್ಮೂರಲ್ಲಿ ಯಾರ್ ಮೈಮೇಲಾದ್ರೂ ದೇವ್ರು ಬಂದ್ರೆ ಮೊದ್ಲು ಪೂಜಾರೀಗೇ ಬಯ್ಯೋದು. ದೀಪ ಸಣ್ಣದಾಯ್ತು, ಅಳೇ ಸೀರೆ ಉಡಿಸ್ದೆ, ನನ್ನ ಮರ್ತೆ ಅಂತ. ಬಯ್ದೆ ಬರೀ ಅಪ್ಪಣೆ ಕೊಟ್ರೆ ದೊಡ್ಡೋರು ಒಪ್ಪಲ್ಲ. ಮುಖಕ್ಕೆ ನೀರ್ ಒಡ್ದು ಮನೆಗೆ ಕಳಿಸ್ತಾರೆ. ನಾವ್ ಮೂರೂ ದೇವ್ರು ವಾರಾ ವಾರಾ ನಿಂಗೆ ಬಯ್ತೀವಿ, ದಾಳ ಸರಿಗಿಲ್ಲ, ಕತೆ ಸರಿಗಿಲ್ಲ ಅಂತ. ಅವನು ಒಂದಿನಾನಾದ್ರೂ ಬಯ್ದವ್ನಾ?"

ಬುದ್ಧಿ ಇದ್ದವನಾದರೆ ಅಲ್ಲೇ ಕಾಲಿಗೆ ಬೀಳುತ್ತಿದ್ದ. ನಾನು ಊಟದ ಹೊತ್ತಿಗೆ ಫೋನ್ ತೆಗೆದು ಬೆಟ್ಟದೊಡೆಯನಾಗಿ ಬೈಯಲು ಕೂತೆ. ನನ್ನನ್ನು ಬೈಯುವುದರಲ್ಲಿ ನನ್ನಷ್ಟು ಪಳಗಿದವರು ಇನ್ನಾರಿದ್ದಾರೆ? "ಎಲವೋ ಕತೆಗಾರ! ನನ್ನ ಬೆಟ್ಟವನ್ನು ಹುತ್ತದಷ್ಟಕ್ಕೆ ವರ್ಣಿಸಿದ್ದೀಯ. ನಿನ್ನ ದಾಳಕ್ಕೆ ಗೆದ್ದಲು ಹಿಡಿಯ!" ಬರೆದ ಮೇಲೆ ನನಗೇ ಭಯವಾಯಿತು, ಅಷ್ಟು ಚೆನ್ನಾಗಿತ್ತು. ಕೂಡಲೇ ಆಟ ನಡೆಸುವವನಾಗಿ ಕೆಳಗೆ ಉತ್ತರ ಹಾಕಿದೆ: "ಕ್ಷಮಿಸಬೇಕು ಸ್ವಾಮಿ, ತಪ್ಪಾಯಿತು, ತಿದ್ದಿಕೊಳ್ಳುತ್ತೇನೆ." ಗೆದ್ದೆ ಅಂದುಕೊಂಡೆ.

ಸಂಜೆ ಸ್ಟೇಷನ್ ಹತ್ತಿರದ ಪಾನಿಪುರಿ ಗಾಡಿ ಮುಂದೆ ಮೂವರು ದೇವರೂ ಕಾಯುತ್ತಿದ್ದರು. ಬಂಗಾರಪೇಟೆಯ ಪಾನಿ ನೋಡಲು ಬರೀ ತಿಳಿನೀರು, ಬಾಯಿಗೆ ಹೋದರೆ ಮಾತ್ರ ಬೆಂಕಿ. ಒಂದು ಪುರಿ ಬಾಯಿಗೆ ಹಾಕಿಕೊಂಡೆ, ಅಕ್ಕ ಶುರು ಮಾಡಿದಳು.

"ಲೇ, ಇಷ್ಟ್ ದಿನದಿಂದ ನಾವು ಬಾಯಿ ಬಡ್ಕೊಂಡ್ವಿ. ಒಂದ್ ಸಲಾನಾದ್ರೂ ತಪ್ಪಾಯ್ತು ಅಂದಿದ್ದೀಯಾ? ಆಡೋಕ್ಕಾಗ್ದಿದ್ರೆ ಓಗ್ತಾ ಇರಿ ಅಂತೀಯ. ಅವನಿಗ್ ಮಾತ್ರ ಸ್ವಾಮೀನಾ?"

ಪುರಿ ನುಂಗುವಷ್ಟರಲ್ಲಿ ನನ್ನ ಮುಖವೇ ಎಲ್ಲ ಹೇಳಿಯಾಗಿತ್ತು.

"ಎನ್ನ ಡಾ ಮಚ್ಚಾ, ನೀನೇನಾ ಅವನು?" ಅಂದ ಪಾತಾಳದ ಗೆಳೆಯ. "ಇನ್ಮೇಲೆ ಆಟ ನಾನ್ ನಡೆಸ್ತೀನಿ."

"ನೀನು ನಡೆಸಿದ್ರೆ ವಾರಕ್ಕೊಂದು ಗುಂಡಿ ಬಿಟ್ಟು ಬೇರೇನೂ ಆಗಲ್ಲ," ಅಂದೆ. ಆ ಸ್ಥಿತಿಯಲ್ಲೂ ನಾಲಗೆ ಸುಮ್ಮನಿರಲಿಲ್ಲ.

"ಏಮಪ್ಪಾ, ಇದೆಲ್ಲ ಯಾಕೆ, ಕ್ಲೋಸ್ ಮಾಡೇಯ್," ಅಂದ ಸಂತೆಯ ಅಣ್ಣ. ಅಕ್ಕನ ಮುಖ ಆಗ ಕಳೆಗುಂದಿತು. ಮುಚ್ಚಿದರೆ ಆ ಐದು ಮನೆಯೂ ಹೋದಂತೆಯೇ.

ಆದರೂ ನನಗೆ ಧೈರ್ಯಕ್ಕೇನೂ ಕಡಿಮೆ ಇರಲಿಲ್ಲ. ನಾಡು ನನ್ನದು, ಮಳೆ ನನ್ನದು. ಎದೆಯುಬ್ಬಿಸಿ ಹೇಳಿದೆ: "ಅಕ್ಕ, ಈ ಭಾನುವಾರ ಬೆಟ್ಟದೊಡೆಯ ಮಾಯ. ಕಟ್ಟೆ ಕೊಚ್ಕೊಂಡು ಹೋಗುತ್ತೆ, ಕೆರೆ ಕೋಡಿ ಬೀಳುತ್ತೆ, ಸತ್ತ ಹಸು ಎಲ್ಲ ಎದ್ದು ಬರುತ್ತೆ. ಸಾಕಾ?"

ಅಕ್ಕ ತಟ್ಟೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಮುಂದೆ ಅಂಗೈ ಚಾಚಿದಳು.

"ನಿನ್ ಭಿಕ್ಷೆ ಯಾರಿಗ್ ಬೇಕ್ಲಾ? ಬೆಟ್ಟದೊಡೆಯಾನೂ ಇರ್ಲಿ, ಕಟ್ಟೇನೂ ಇರ್ಲಿ. ನನ್ ಐದ್ ಮನೆಯೋರೇ ಓಗಿ ಒಡ್ದಾಕ್ತಾರೆ. ದಾಳ ಇಲ್ಲಿ ಕೊಡು, ಇನ್ಮೇಲೆ ನಾನೇ ಉರುಳಿಸ್ತೀನಿ. ನೀನು ಬಾಯ್ ಮುಚ್ಕೊಂಡು, ಏನ್ ಬಿತ್ತೋ ಅದನ್ನ ಬರ್ದಾಕು."