ತೆರೆಯದೆ ಉಳಿದ ಗಾಳಿಕಿಂಡಿಗಳು

ಮತ್ಸುಮೊಟೊ ಊರಿನ ನಮ್ಮ ಬೀದಿಯವರು ಬಡಗಿ ಮೊಮೊಸೆಯವರನ್ನು ಮೊದಲ ಸಲ ಕಂಡದ್ದು ನೆಲದೊಳಗಿನಿಂದ ಮೇಲೆ ಬರುವಾಗ. ವಿಧವೆ ಹೊಸಾಕಾ ಕಿನುಎ ಅವರ ಅಡುಗೆಮನೆಯಲ್ಲಿ ಹೆಂಗಸರು ಚಹಾ ಕುಡಿಯುತ್ತಿದ್ದರು. ನಡುವಿನ ಹಲಗೆ ಮೇಲೆದ್ದಿತು. ಜೇಡರಬಲೆ ಮೆತ್ತಿಕೊಂಡ ತಲೆಯೊಂದು ಹೊರಬಂದು, ಸುತ್ತಿಗೆ ಇಲ್ಲೇ ಎಲ್ಲೋ ಮರೆತೆನೆಂದು ಕ್ಷಮೆ ಕೇಳಿತು. ಅವರ ಮರೆವಿಗೆ ಎಲ್ಲರೂ ಅಂದೇ ನಕ್ಕಿದ್ದರು.

ಎಂಬತ್ತು ವರ್ಷದ ಆ ಮನೆಯ ನೆಲ ಮಣ್ಣಿನಿಂದ ಮೊಣಕಾಲೆತ್ತರದಲ್ಲಿತ್ತು. ಅಡಿಯಲ್ಲಿ ಗಾಳಿಯಾಡಿ ಮರ ಒಣಗಿರಲೆಂದು ಸುತ್ತಲೂ ಕಿಂಡಿಗಳಿದ್ದವು. ಬೇಸಿಗೆಯಲ್ಲಿ ತಂಪು, ಚಳಿಗಾಲ ಬಂತೆಂದರೆ ಪಾದ ಮರಗಟ್ಟುತ್ತಿತ್ತು. ಮೊಮೊಸೆ ಹೊಟ್ಟೆಯ ಮೇಲೆ ತೆವಳಿ, ನೆಲ ಹೊತ್ತ ಜಂತೆಗಳ ನಡುವೆ ಚಳಿ ತಡೆಯುವ ಹಲಗೆಗಳನ್ನು ಸಂದಿಲ್ಲದಂತೆ ಕೂರಿಸಿದರು. ಆದರೂ ಕಿನುಎ ಒಂದರ ಮೇಲೊಂದು ಎರಡು ಕಾಲುಚೀಲ ಹಾಕಿಕೊಂಡೇ ಓಡಾಡುವುದನ್ನು ಕಂಡು ಅವರಿಗೆ ತಡೆಯಲಿಲ್ಲ. ಯಾರೂ ಕೇಳದೆಯೇ ಕಿಂಡಿಗಳನ್ನೂ ಮುಚ್ಚಿಬಿಟ್ಟರು.

"ಚಳಿ ಮುಗಿದು ಚೆರ್ರಿ ಹೂ ಬಿಡೋ ಹೊತ್ತಿಗೆ ನಾನೇ ಬಂದು ತೆಗೀತೀನಿ, ಅಮ್ಮ. ನೀವು ಮುಟ್ಟಬೇಡಿ" ಎಂದರು.

ಹೂ ಬಿಟ್ಟಿತು, ಉದುರಿತು. ಮೊಮೊಸೆಗೆ ಅದು ನೆನಪಾಗಲೇ ಇಲ್ಲ.

ಕಿನುಎ ಕಾದರು. ಮಾತು ಕೊಟ್ಟ ಮೇಸ್ತ್ರಿಗೆ ನೆನಪಿಸುವುದೆಂದರೆ ಅವರ ಮಾತನ್ನು ಶಂಕಿಸಿದಂತೆ ಎಂದು ಸುಮ್ಮನಾದರು. ತಾವೇ ತೆಗೆಯೋಣವೆಂದರೆ, ಮುಟ್ಟಬೇಡಿ ಎಂದಿದ್ದರಲ್ಲ. ಮಳೆಗಾಲದಲ್ಲಿ ಬೂಷ್ಟಿನ ವಾಸನೆ ಬಂದಾಗ ಅಗರಬತ್ತಿ ಹಚ್ಚಿದರು. ಒಲೆಯ ಪಕ್ಕದ ನೆಲ ಮೆತ್ತಗಾದಾಗ ಅದರ ಮೇಲೆ ದಿಂಬು ಹಾಕಿದರು.

ಮೂರನೆಯ ವರ್ಷ ಶರತ್ಕಾಲದಲ್ಲಿ ಮೊಮೊಸೆ ಒಣಗಿಸಿದ ಪರ್ಸಿಮನ್ ಹಣ್ಣು ಕೊಡಲು ಬಂದರು. ಕಿನುಎ ಅವರನ್ನು ಹೊರಜಗುಲಿಯಲ್ಲೇ ಕೂರಿಸಿ, ಉಪ್ಪಿನಲ್ಲಿ ಹಾಕಿದ ಸೊಪ್ಪನ್ನೂ ಚಹಾವನ್ನೂ ಅಲ್ಲಿಗೇ ತಂದರು. ಲೋಟ ಇಡಲು ತಾವೇ ಎದ್ದು ಅಗರಬತ್ತಿಯ ಹೊಗೆ ತುಂಬಿದ ಅಡುಗೆಮನೆಗೆ ಹೋದ ಮೊಮೊಸೆ ಒಲೆಯ ಪಕ್ಕದ ದಿಂಬಿನ ಮೇಲೆ ಕಾಲಿಟ್ಟರು. ನೆಲ ಕುಸಿಯಿತು, ಕಾಲು ಕಣಕಾಲಿನವರೆಗೆ ಒಳಗಿಳಿಯಿತು. ಕೈ ಹಾಕಿ ನೋಡಿದರೆ ಜಂತೆ ನೆನೆದ ರೊಟ್ಟಿಯಂತೆ ಕೈಯಲ್ಲೇ ಕಳಚಿ ಬಂತು. ಆಗ ಎಲ್ಲವೂ ನೆನಪಾಯಿತು. ದಿಂಬು ಏಕೆ, ಅಗರಬತ್ತಿ ಏಕೆ, ತನ್ನನ್ನು ಜಗುಲಿಯಲ್ಲೇ ಕೂರಿಸಿದ್ದು ಏಕೆ ಎಂಬುದೂ ಹೊಳೆಯಿತು. ಮನೆ ಕೆಡಿಸಿದ್ದಕ್ಕಿಂತ, ತನ್ನ ಮಾನ ಕಾಯಲು ಈ ಹೆಂಗಸು ಮೂರು ವರ್ಷ ವಾಸನೆ ಕುಡಿದಳಲ್ಲ ಎಂಬುದು ಅವರನ್ನು ಸುಟ್ಟಿತು.

ಮನೆ ಹಳೆಯದು, ಅಷ್ಟೆ ಎಂದರು ಕಿನುಎ. ದುರಸ್ತಿಗೂ ಒಪ್ಪಲಿಲ್ಲ. ಒಪ್ಪಿದರೆ ತಪ್ಪು ಮೊಮೊಸೆಯದೆಂದು ಹೇಳಿದಂತಾಗುತ್ತದೆಂಬ ಅಳುಕು.

ಮೊಮೊಸೆ ತಮ್ಮ ಮನೆಗೆ ಹೋದರೆ ಹೆಂಡತಿ ಸದಾಕೊ ಬಿಡಲಿಲ್ಲ. "ಊರೋರ ಕಾಲು ಬೆಚ್ಚಗೆ ಮಾಡೋ ಮೇಸ್ತ್ರಿ ನೀವು. ಈಗ ಯಾಕೆ ಮುಖವೆಲ್ಲ ಬಿಸಿಯಾಗಿದೆ?" ಎಂದಳು. ಅವರು ಊಟ ಮುಟ್ಟಲಿಲ್ಲ.

ಮರುದಿನವೂ ದುರಸ್ತಿ ಮಾಡುತ್ತೇನೆಂದು ಹೋದರು, ಅದರ ಮರುದಿನವೂ ಹೋದರು. ಕಿನುಎ ಬೇಡವೆಂದೇ ಹೇಳಿದರು. ನಾಲ್ಕನೆಯ ದಿನ ಮೊಮೊಸೆ ಬಾಗಿಲಲ್ಲೇ ಮಂಡಿಯೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದರು.

"ಒಂದ್ಸಲ ಬೈದುಬಿಡಿ, ಅಮ್ಮ. ನೀವು ಬಾಯಿಬಿಟ್ಟು ಹೇಳದಿದ್ರೆ ನಾನು ಇನ್ನು ಗರಗಸ ಮುಟ್ಟೋಕಾಗಲ್ಲ."

ಕಿನುಎ ಬಾಗಿಲಿಗೆ ಬಂದು ಅವರೆದುರು ಕುಳಿತರು.

"ನೀವು ಮರೆತ್ರಿ" ಎಂದರು. "ನಂಗೆ ಗೊತ್ತಿತ್ತು. ಹೇಳಲಿಲ್ಲ. ನಾಚಿಕೆ ನಿಮಗೊಬ್ಬರಿಗೇ ಅಲ್ಲ."

ಆ ಚಳಿಗಾಲ ಬರುವ ಮುನ್ನ ಮೊಮೊಸೆ ಕೊಳೆತದ್ದನ್ನೆಲ್ಲ ಕಿತ್ತು ಹೊಸ ಜಂತೆ ಹಾಕಿದರು. ಚಳಿ ತಡೆಯುವ ಹಲಗೆಗಳನ್ನು ಒಣಗಿಸಿ ಮತ್ತೆ ಕೂರಿಸಿದರು. ಕಿಂಡಿಗಳನ್ನು ಮಾತ್ರ ಮುಚ್ಚಲಿಲ್ಲ.

ಈಗ ಅವರಿಗೆ ಎಪ್ಪತ್ತೆರಡು. ಹೊಸ ಕೆಲಸ ಹಿಡಿಯುವುದಿಲ್ಲ. ಚೆರ್ರಿ ಮೊಗ್ಗು ಕಂಡೊಡನೆ ತಾವು ಹಿಂದೆ ಕೆಲಸ ಮಾಡಿದ ಮನೆಗಳಿಗೆಲ್ಲ ಹೋಗಿ, ಹಿಮದ ಗಾಳಿ ತಡೆಯಲೆಂದು ಜನ ಕಿಂಡಿಗೆ ತುರುಕಿದ ಹುಲ್ಲು, ಚಿಂದಿಬಟ್ಟೆ ಎಳೆದು ತೆಗೆಯುತ್ತಾರೆ. ಮೊದಲ ಮನೆ ಕಿನುಎ ಅವರದು. ಅಲ್ಲಿ ತೆಗೆಯಲು ಏನೂ ಇರುವುದಿಲ್ಲ. ಆದರೂ ಆಕೆ ಜಗುಲಿಯಿಂದ ಕೂಗುತ್ತಾರೆ: "ಮೇಸ್ತ್ರಿ, ಉತ್ತರದ ಕಡೇದು ಮರೆತ್ರಿ."

ಮೊಮೊಸೆ ಮರೆತಿರುವುದಿಲ್ಲ. ತಲೆಬಾಗಿ, ಇನ್ನೊಮ್ಮೆ ಹೋಗಿ ನೋಡಿ ಬರುತ್ತಾರೆ.